ಬೆಲೆ ಕೊಯ್ಯಬೇಡಿ, ಕೊಸರು ಕೇಳಿ!

ಸಂತೆ ದಿನ ಬಂತೆಂದರೆ ನಮ್ಮ ಓಣಿಯಲ್ಲಿ ಒಂದೇ ಪ್ರಶ್ನೆ ಬಾಗಿಲಿನಿಂದ ಬಾಗಿಲಿಗೆ ಓಡಾಡುತ್ತದೆ. 'ಬದನೆಕಾಯಿ ಎಷ್ಟಕ್ಕೆ ತಂದ್ರಿ?' ನೀವು ಮೂವತ್ತು ಅಂದಿರೋ, ಪಕ್ಕದ ಮನೆಯಾಕೆ 'ಅಯ್ಯೋ, ನನಗೆ ಇಪ್ಪತ್ತೈದಕ್ಕೇ ಕೊಟ್ಳಲ್ರೀ' ಅಂತಾಳೆ. ಮುಗೀತು. ಅವತ್ತಿನ ಎಣ್ಣೆಗಾಯಿಯ ರುಚಿ ಅರ್ಧ ಅಲ್ಲೇ ಹೋಯ್ತು! ಮುಂದಿನ ವಾರ ನೀವು ಸೊಂಟ ಕಟ್ಟಿ ಹೊರಡುತ್ತೀರಿ, ಈ ಸಲ ಇಪ್ಪತ್ತಕ್ಕೆ ತಂದು ತೋರಿಸಲೇಬೇಕು ಅಂತ. ಹೌದಲ್ಲವೇ?

ನಾನೂ ಹಾಗೆಯೇ ಇದ್ದೆ. ಯಜಮಾನರದು ವರ್ಗಾವಣೆಯ ನೌಕರಿ. ಇಪ್ಪತ್ತೆರಡು ವರ್ಷಗಳಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಕೊನೆಗೆ ಕೊಟ್ಟೂರು ಹೀಗೆ ಐದೂ ಊರಿನಲ್ಲಿ ಗ್ಯಾಸ್ ಒಲೆ ಹೂಡಿದ್ದೇನೆ. ಮನೆ ಬದಲಾದಾಗ ಶಾಲೆ ಯಾವುದು, ಡಾಕ್ಟರು ಯಾರು ಅಂತ ವಿಚಾರಿಸುವ ಮೊದಲೇ 'ಇಲ್ಲಿ ಸಂತೆ ಯಾವತ್ತು?' ಅಂತ ಕೇಳುವ ಜಾತಿ ನನ್ನದು. ಚೌಕಾಸಿಯಲ್ಲಿ ನನಗೆ ನಾನೇ ಸಾಟಿ ಅಂದುಕೊಂಡಿದ್ದವಳು. ಅದು ತಪ್ಪಿತು. ಹೇಗೆ ತಪ್ಪಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಸಂತೆಗೆ ಹೋಗೋಣ ಬನ್ನಿ.

ಒಂದೊಂದು ಊರಿಗೆ ಒಂದೊಂದು ಘಮ

ಈ ಐದೂ ಊರು ಈಗ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಅದಕ್ಕೂ ಮೊದಲು ಎಲ್ಲವೂ ಬಳ್ಳಾರಿ. ಹರಪನಹಳ್ಳಿಯದಂತೂ ದೊಡ್ಡ ಕತೆ. 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಕಚೇರಿಗಳ ಬೋರ್ಡು ಎಷ್ಟು ಸಲ ಬದಲಾದರೂ ಸೊಪ್ಪಿನಜ್ಜಿ ಕೂಡುವ ಜಾಗ ಮಾತ್ರ ಅದೇ!

ಹಡಗಲಿ ಅಂದರೆ ಮಲ್ಲಿಗೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಜೊತೆಗೆ ಹಡಗಲಿ ಮಲ್ಲಿಗೆಗೂ 2007-08ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂದರೆ ಬೇರೆ ಕಡೆ ಬೆಳೆದದ್ದನ್ನು ಈ ಹೆಸರಿನಲ್ಲಿ ಮಾರುವ ಹಾಗಿಲ್ಲ. ಮೊಗ್ಗು ಬಿಡಿಸುವುದು ನಸುಕಿನಲ್ಲಿ, ಬಿಸಿಲು ಏರುವ ಮುಂಚೆ. ನೀವು ಹತ್ತು ಗಂಟೆಗೆ ಮೊಳ ಅಳೆಸಿಕೊಳ್ಳುವಾಗ ಆ ಹೆಣ್ಣುಮಗಳು ಎದ್ದು ಆರೇಳು ತಾಸಾಗಿರುತ್ತದೆ. ಅಂದ ಹಾಗೆ ಮೊಳ ಎಂದರೆ ಮಾರುವವಳ ಮೊಳ, ನಿಮ್ಮದಲ್ಲ. ಮೊಣಕೈಯಿಂದ ಬೆರಳ ತುದಿವರೆಗೆ. ಗಿಡ್ಡಗಿದ್ದವಳ ಹತ್ತಿರ ಕೊಂಡರೆ ನಿಮಗೆ ನಷ್ಟ, ಉದ್ದಗಿದ್ದವಳ ಹತ್ತಿರ ಕೊಂಡರೆ ಅವಳಿಗೆ! ನಾನಿದ್ದಾಗ ಹಡಗಲಿಯಲ್ಲಿ ಆರಡಿ ಎತ್ತರದ ಒಬ್ಬ ಅಜ್ಜ ಹೂ ಮಾರುತ್ತಿದ್ದ. ಅವನ ಮುಂದೆ ಯಾವಾಗಲೂ ಹೆಂಗಸರ ಗುಂಪು. ಕಾರಣ ಬೇರೆ ಹೇಳಬೇಕೇ?

ಹೂ ಕೊಳ್ಳುವಾಗ ಅರಳಿದ್ದಕ್ಕಿಂತ ಬಿರಿಯಲು ಬಂದ ಮೊಗ್ಗು ನೋಡಿ. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ನೀರು ಚಿಮುಕಿಸಿ ಗಂಟು ಕಟ್ಟಿದರೆ ಕಪ್ಪಾಗುತ್ತದೆ. ಬಾಳೆಲೆ ಅಥವಾ ಒದ್ದೆ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ.

ಕೂಡ್ಲಿಗಿ ಕಡೆ ಹುಣಸೆ. ಮಳೆ ಕಡಿಮೆ, ಕಲ್ಲು ಗುಡ್ಡದ ಸೀಮೆ. ಬೇರೆ ಬೆಳೆ ಕೈಕೊಟ್ಟರೂ ಹುಣಸೆ ಮರ ಕೈಬಿಡುವುದಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಹೊಸ ಹಣ್ಣು ಬರಲು ಶುರು. ವರ್ಷದ ಹುಣಸೆ ಕೊಳ್ಳುವವರಿಗೆ ಅದೇ ಕಾಲ. ಹೊಸದು ತಿಳಿ ಕಂದು, ಹಳೆಯದು ಕಪ್ಪು. ಬೀಜ ಸಮೇತ ಇರುವುದಕ್ಕೆ ಒಂದು ರೇಟು, ಬೀಜ ತೆಗೆದದ್ದಕ್ಕೆ ಇನ್ನೊಂದು. 'ಎರಡಕ್ಕೂ ಇಷ್ಟು ವ್ಯತ್ಯಾಸ ಯಾಕೆ' ಅಂತ ಜಗಳಕ್ಕೆ ನಿಲ್ಲುವವರಿದ್ದಾರೆ. ಒಮ್ಮೆ ಕುಟ್ಟಿ ನೋಡಿ. ಮರದ ಕೊಡತಿಯಲ್ಲಿ ಹಣ್ಣು ಬಡಿದು, ನಾರು ಬಿಡಿಸಿ, ಬೀಜ ಒಂದೊಂದಾಗಿ ತೆಗೆಯುವುದು ಹಳ್ಳಿಯ ಹೆಣ್ಣುಮಕ್ಕಳ ಮಧ್ಯಾಹ್ನದ ಕೆಲಸ. ನಾನು ಒಂದು ವರ್ಷ ದುಡ್ಡು ಉಳಿಸಲು ಬೀಜದ್ದೇ ಐದು ಕೆ.ಜಿ. ತಂದಿದ್ದೆ. ಎರಡು ದಿನ ಬೆರಳು ಮಡಿಚಲು ಬರಲಿಲ್ಲ, ಮೂರನೇ ದಿನ ಉಳಿದದ್ದನ್ನು ಹಾಗೇ ಡಬ್ಬಿಗೆ ತುಂಬಿದೆ! ತಂದ ಮೇಲೆ ಒಂದು ದಿನ ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಪಿಂಗಾಣಿ ಭರಣಿ ಅಥವಾ ಗಾಜಿನ ಜಾಡಿಯಲ್ಲಿ ಒತ್ತಿ ತುಂಬಿ. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ, ಹುಳಿ ತಿನ್ನುತ್ತದೆ.

ಹರಪನಹಳ್ಳಿ ಸಂತೆಯ ಚೆಂದ ಬೇರೆ. ಸುತ್ತಲೂ ಲಂಬಾಣಿ ತಾಂಡಾಗಳು ಬಹಳ. ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡದ ಸೀತಾಫಲ ಬುಟ್ಟಿಬುಟ್ಟಿ ಬರುತ್ತದೆ. ಕಣ್ಣು ಬಿಟ್ಟ ಹಣ್ಣು, ಅಂದರೆ ಗೆರೆಗಳ ನಡುವೆ ಬೆಳ್ಳಗೆ ಕಾಣುವಂಥದ್ದು, ಎರಡು ದಿನದಲ್ಲಿ ಹಣ್ಣಾಗುತ್ತದೆ. ಕಣ್ಣು ಬಿಡದ್ದು ಎಷ್ಟು ದಿನ ಇಟ್ಟರೂ ಕಲ್ಲೇ. ಹಗರಿಬೊಮ್ಮನಹಳ್ಳಿ ತುಂಗಭದ್ರೆಯ ಹಿನ್ನೀರಿನ ಮಗ್ಗುಲಿಗಿದೆ, ಮೀನು ತಿನ್ನುವವರಿಗೆ ಅದರ ಸುಖ ಗೊತ್ತು. ನಾನು ತಿನ್ನುವುದಿಲ್ಲ, ಹಾಗಾಗಿ ಅದರ ಬಗ್ಗೆ ಬಾಯಿ ಹಾಕುವುದಿಲ್ಲ. ಕೊಟ್ಟೂರಿಗೆ ಹೋದರೆ ಸಂತೆ ಮುಗಿಸಿ ಮಿರ್ಚಿ-ಮಂಡಕ್ಕಿ ತಿನ್ನದೆ ಬಂದವರನ್ನು ನಾನಂತೂ ಕಂಡಿಲ್ಲ. ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರಿನ ದಿನಗಳಲ್ಲಂತೂ ಊರೇ ಸಂತೆ!

ಬೆಳೆದವಳು ಯಾರು, ಮಾರುವವಳು ಯಾರು?

ಸಂತೆಯಲ್ಲಿ ಕೂತವರೆಲ್ಲ ರೈತರಲ್ಲ. ಇದು ಮೊದಲು ಗೊತ್ತಿರಬೇಕಾದ ಸಂಗತಿ. ಆಂಧ್ರದಲ್ಲಿ 1999ರ ಜನವರಿಯಲ್ಲಿ ಸರ್ಕಾರವೇ 'ರೈತು ಬಜಾರ್' ಶುರು ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನ ಮದುರೈಯಲ್ಲಿ 'ಉಳವರ್ ಸಂದೈ' ಬಂತು. ಅಲ್ಲಿ ಬೆಳೆದವರಿಗೆ ಗುರುತಿನ ಚೀಟಿ, ಅವತ್ತಿನ ಬೆಲೆ ಬರೆದ ಬೋರ್ಡು. ನಮ್ಮ ವಾರದ ಸಂತೆಯಲ್ಲಿ ಚೀಟಿಯೂ ಇಲ್ಲ, ಬೋರ್ಡೂ ಇಲ್ಲ. ನಿಮ್ಮ ಕಣ್ಣೇ ಚೀಟಿ ನೋಡಬೇಕು.

ಕಷ್ಟವೇನಿಲ್ಲ. ಯಾರ ಮುಂದೆ ಹತ್ತು ಹನ್ನೆರಡು ಬಗೆಯ ಕಾಯಿಪಲ್ಲೆ ಇದೆಯೋ, ಅದರಲ್ಲೂ ಕ್ಯಾರೆಟ್, ಬೀನ್ಸ್, ಆಲೂಗಡ್ಡೆ, ಹೂಕೋಸು ಇದೆಯೋ ಅವರು ಸಗಟು ಮಾರುಕಟ್ಟೆಯಿಂದ ತಂದು ಮಾರುವವರು. ನಮ್ಮ ಈ ಬಿಸಿಲು ಸೀಮೆಯಲ್ಲಿ ಒಬ್ಬರೇ ಇದನ್ನೆಲ್ಲ ಬೆಳೆಯುವುದು ಆಗುವ ಮಾತಲ್ಲ. ಗೊಬ್ಬರದ ಚೀಲ ಹಾಸಿ ಎರಡೋ ಮೂರೋ ಬಗೆ ಇಟ್ಟುಕೊಂಡಿದ್ದರೆ, ಅಂದರೆ ಮೆಂತೆ, ಪುಂಡಿಪಲ್ಯ, ನಾಲ್ಕು ಹೀರೇಕಾಯಿ, ಒಂದು ಕುಪ್ಪೆ ಹಸಿಮೆಣಸಿನಕಾಯಿ, ಆಗ ಅದು ಅವಳ ಹೊಲದ್ದೇ. ಕಾಯಿಗಳು ಒಂದೇ ಅಳತೆಯವಾಗಿರುವುದಿಲ್ಲ. ಸೊಪ್ಪಿನ ಬೇರಿನಲ್ಲಿ ಮಣ್ಣು ಇನ್ನೂ ಹಸಿಯಾಗಿರುತ್ತದೆ. ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ತೂತು ಇರುತ್ತದೆ. ಆ ತೂತು ನೋಡಿ ಮೂಗು ಮುರಿಯಬೇಡಿ. ಹುಳ ತಿಂದಿದೆ ಎಂದರೆ ಹುಳ ಸಾಯುವಷ್ಟು ಔಷಧಿ ಬಿದ್ದಿಲ್ಲ ಅಂತಲೇ ಬಹಳ ಸಲ ಅರ್ಥ.

ಇನ್ನೂ ಅನುಮಾನವೇ? 'ನಿಮ್ಮ ಹೊಲ ಎಲ್ಲಿ?' ಅಂತ ಕೇಳಿ. ಬೆಳೆದವಳಾದರೆ ಊರು, ಬಾವಿ, ಹೋದ ವಾರದ ಮಳೆ ಎಲ್ಲಾ ಹೇಳಿಬಿಡುತ್ತಾಳೆ. ತಂದು ಮಾರುವವಳಾದರೆ 'ತಗಳ್ರೀ ಸುಮ್ನೆ, ಚಲೋ ಐತಿ' ಅನ್ನುತ್ತಾಳೆ.

ತಂದು ಮಾರುವವಳು ಕೆಟ್ಟವಳು ಅಂತ ನಾನು ಹೇಳುತ್ತಿಲ್ಲ. ಅವಳೂ ಬೆಳಗಿನ ನಾಲ್ಕು ಗಂಟೆಗೆ ಹರಾಜಿನಲ್ಲಿ ನಿಂತು ತಂದವಳೇ. ಆದರೆ ಅವಳ ವ್ಯಾಪಾರದಲ್ಲಿ ಕೊಂಡ ಬೆಲೆ, ಮಾರುವ ಬೆಲೆ ಅಂತ ಎರಡಿರುತ್ತದೆ. ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಇನ್ನೊಂದು ಅಂತ ಲೆಕ್ಕ ಇಟ್ಟುಕೊಂಡೇ ಬಂದಿರುತ್ತಾಳೆ. ಚೌಕಾಸಿಗೆ ಜಾಗ ಬಿಟ್ಟೇ ಬೆಲೆ ಹೇಳುತ್ತಾಳೆ. ಅಲ್ಲಿ ಧಾರಾಳವಾಗಿ ಚೌಕಾಸಿ ಮಾಡಿ, ಅದೊಂದು ಆಟ, ಇಬ್ಬರಿಗೂ ಆಟದ ನಿಯಮ ಗೊತ್ತು. ಸೊಪ್ಪಿನವಳ ಹತ್ತಿರ ಆ ಆಟ ಆಡಿದರೆ ಏನಾಗುತ್ತದೆ ನೋಡಿ.

ಒಂದು ರೂಪಾಯಿಯ ಲೆಕ್ಕ

ಸುಮ್ಮನೆ ಲೆಕ್ಕ ಹಾಕೋಣ. ಒಬ್ಬಾಕೆ ಎಂಬತ್ತು ಸಿವುಡು ಮೆಂತೆ ತಂದಿದ್ದಾಳೆ ಅಂದುಕೊಳ್ಳಿ. ಸಿವುಡಿಗೆ ಐದು ರೂಪಾಯಿ. ಹತ್ತು ಸಿವುಡು ಬಾಡಿ ಹೋಯಿತು. ಮಾರಾಟವಾದದ್ದು ಎಪ್ಪತ್ತು. ಒಟ್ಟು 350 ರೂಪಾಯಿ. ಸಂತೆ ಸುಂಕ, ಗಂಟು ಹೊತ್ತು ತಂದ ಆಟೋದವನಿಗೆ, ಚಹಾ-ಬನ್ನಿಗೆ ಅಂತ 90 ರೂಪಾಯಿ ಹೋಯಿತು. ಕೈಯಲ್ಲಿ ಉಳಿದದ್ದು 260. ಇದರಲ್ಲಿ ಬೀಜ, ಗೊಬ್ಬರ, ನೀರು ಹಾಯಿಸಿದ್ದು, ಕಳೆ ತೆಗೆದದ್ದು, ಹಿಂದಿನ ರಾತ್ರಿ ಕೂತು ಬಾಳೆನಾರಿನಲ್ಲಿ ಸಿವುಡು ಕಟ್ಟಿದ್ದು ಎಲ್ಲಾ ಬರಬೇಕು.

ಈಗ ಪೇಟೆಯ ನಾವೆಲ್ಲ ಸಿವುಡಿಗೆ ಬರೀ ಒಂದು ರೂಪಾಯಿ ಕೊಯ್ದೆವು ಅಂದುಕೊಳ್ಳಿ. 280 ಬಂತು. ಖರ್ಚು ಅದೇ 90. ಉಳಿದದ್ದು 190. ನಮಗೆ ಉಳಿದದ್ದು ತಲೆಗೊಂದೋ ಎರಡೋ ರೂಪಾಯಿ. ಅವಳ ದಿನದ ಗಳಿಕೆಯಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು! ಖರ್ಚು ಇಳಿಯುವುದಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ಹಾಗಾಗಿ ಇಳಿದ ಪ್ರತಿ ರೂಪಾಯಿಯೂ ಅವಳ ಗಳಿಕೆಯಿಂದಲೇ ಹೋಗುತ್ತದೆ.

ಈ ಲೆಕ್ಕ ನನಗೆ ಯಾರೋ ಪುಸ್ತಕದಿಂದ ಹೇಳಿಕೊಟ್ಟದ್ದಲ್ಲ. ನಮ್ಮಮ್ಮನ ಅಮ್ಮ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು.

ಬುಟ್ಟಿಯ ಹಿಂದೆ ಕೂತವಳು

ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಗಂಡನ ಮನೆಯಲ್ಲಿ ಕೇಳಿದಾಗ 'ನಮ್ಮಜ್ಜಿಗೆ ತೋಟ ಇತ್ತು' ಅಂತ ಹೇಳಿದ್ದೆ. ಸುಳ್ಳಲ್ಲ. ಬಾವಿಯ ಮಗ್ಗುಲಿಗೆ ನಾಲ್ಕು ಮಡಿ ಇತ್ತು! ಅದರಲ್ಲಿ ಮೆಂತೆ, ಕೊತ್ತಂಬರಿ, ರಾಜಗಿರಿ. ಸಂತೆ ದಿನ ನಸುಕಿನಲ್ಲಿ ಬುಟ್ಟಿ ಹೊತ್ತು ಕೊಟ್ಟೂರಿಗೆ ನಡೆಯುತ್ತಿದ್ದಳು. ರಜೆಯಲ್ಲಿ ನಾನೂ ಹಿಂದೆ ಹಿಂದೆ. ನನ್ನ ಕೆಲಸ ಸೊಪ್ಪಿಗೆ ನೀರು ಚಿಮುಕಿಸುವುದು ಮತ್ತು ದನ ಬಂದರೆ ಅಟ್ಟುವುದು.

ಒಂದು ದಿನ ನಮ್ಮ ಶಾಲೆಯ ಟೀಚರ್ ಒಬ್ಬರು ಬಂದರು. ನಾನು ಬುಟ್ಟಿಯ ಹಿಂದೆ ಬಗ್ಗಿ ಕೂತೆ. ಅವರು ನನ್ನನ್ನು ನೋಡಲಿಲ್ಲ. ಅಜ್ಜಿಯ ಹತ್ತಿರ ಬಹಳ ಹೊತ್ತು ಚೌಕಾಸಿ ಮಾಡಿದರು. ಎಂಟಾಣೆಗೆ ಎರಡು ಸಿವುಡು ಅಂದದ್ದು ಮೂರಕ್ಕೆ ಬಂತು. ಅವರು ಹೋದ ಮೇಲೆ ಅಜ್ಜಿ ಒಂದು ಮಾತೂ ಆಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಎಂಟಾಣೆ ಹಾಕಿ ಮತ್ತೆ ಕಟ್ಟಿದಳು. ವಾಪಸ್ ಹೋಗುವಾಗ ನನಗೆ ಪ್ರತಿಸಲ ಕೊಡಿಸುತ್ತಿದ್ದ ಮಂಡಕ್ಕಿ ಅವತ್ತು ಕೊಡಿಸಲಿಲ್ಲ. 'ಇವತ್ತು ಬ್ಯಾಡವ್ವಾ' ಅಂದಳು.

ದೊಡ್ಡವಳಾದ ಮೇಲೆ ನಾನೇನು ಮಾಡಿದೆ ಹೇಳಿ? ಅದೇ ಟೀಚರ್ ಆದೆ. ಒಂದು ಸಂಜೆ, ಕಡೆಯ ಬಸ್ಸಿನ ಹೊತ್ತು, ಒಬ್ಬ ಮುದುಕಿಯ ಮುಂದೆ ಏಳೆಂಟು ಸಿವುಡು ಪುಂಡಿಪಲ್ಯ ಉಳಿದಿತ್ತು. ನನಗೆ ಗೊತ್ತು, ಈಗ ಏನು ಕೇಳಿದರೂ ಕೊಡುತ್ತಾಳೆ. ಅರ್ಧಕ್ಕರ್ಧ ಕೇಳಿದೆ. ಮುದುಕಿ ನನ್ನ ಮುಖ ನೋಡಿದಳು. 'ನಿಮ್ಮವ್ವ ಹೊಲಕ್ಕೆ ಹೋಗ್ಯಾಳೇನವ್ವಾ?' ಅಂದಳು, ಅಷ್ಟೇ. ಬೈದಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆ. ಸುಮ್ಮನೆ ಎಲ್ಲಾ ಎತ್ತಿ ನನ್ನ ಚೀಲಕ್ಕೆ ಹಾಕಿದಳು, ನಾನು ಕೊಟ್ಟ ದುಡ್ಡು ಎಣಿಸದೆ ಗಂಟಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಓಡಿದಳು.

ಅವತ್ತಿನ ಪುಂಡಿಪಲ್ಯ ಚೆನ್ನಾಗಿಯೇ ಇತ್ತು. ನನಗೆ ಮಾತ್ರ ಗಂಟಲಿನಲ್ಲಿ ಇಳಿಯಲಿಲ್ಲ. ಮುಂದಿನ ಎರಡು ಮೂರು ವಾರ ಆಕೆಯನ್ನು ಹುಡುಕಿದೆ, ಸಿಗಲಿಲ್ಲ.

ಕೊಸರು ಎಂಬ ಜಾಣತನ

ಹಾಗಂತ ಹೇಳಿದ ಬೆಲೆಗೆ ಹೇಳಿದಷ್ಟು ಸುರಿದು ಬನ್ನಿ ಎಂದರೆ ನಮ್ಮ ಮನೆ ನಡೆಯುವುದೂ ಬೇಡವೇ? ನಮ್ಮದೂ ತಿಂಗಳ ಸಂಬಳ, ಇಪ್ಪತ್ತನೇ ತಾರೀಖಿಗೇ ಡಬ್ಬಿ ಬರಿದು. ಅದಕ್ಕೆ ನಮ್ಮ ಹಿರಿಯರೇ ಒಂದು ಉಪಾಯ ಮಾಡಿಟ್ಟಿದ್ದಾರೆ. ಅದೇ ಕೊಸರು.

ಬೆಲೆಯನ್ನು ಮುಟ್ಟಬೇಡಿ. ಹೇಳಿದ ಬೆಲೆ ಕೊಡಿ. ಕೊಟ್ಟ ಮೇಲೆ ನಗುತ್ತಾ 'ಕೊಸರು ಹಾಕ್ರೀ' ಅನ್ನಿ. ನಾಲ್ಕು ಎಸಳು ಕೊತ್ತಂಬರಿ, ಒಂದು ಹಿಡಿ ಕರಿಬೇವು, ಎರಡು ಮೆಣಸಿನಕಾಯಿ, ಮುರಿದ ಒಂದು ಹೀರೇಕಾಯಿ ಬಂದು ನಿಮ್ಮ ಚೀಲಕ್ಕೆ ಬೀಳುತ್ತದೆ. ಹೊಲದಲ್ಲಿ ಕರಿಬೇವಿನ ಗಿಡ ಇದ್ದವಳಿಗೆ ಒಂದು ಹಿಡಿ ಎಲೆಯಿಂದ ನಷ್ಟವಿಲ್ಲ. ನಿಮಗೆ ಅಂಗಡಿಯಲ್ಲಿ ಅದಕ್ಕೂ ದುಡ್ಡು. ಮುರಿದ ಹೀರೇಕಾಯಿಯನ್ನು ಬೇರೆಯವರು ಕೊಳ್ಳುವುದಿಲ್ಲ, ನಿಮ್ಮ ಬಜ್ಜಿಗೆ ಅದು ಮುರಿದರೇನು? ಅವಳ ಕೈಗೆ ಪೂರ್ತಿ ದುಡ್ಡು, ನಿಮ್ಮ ಕೈಗೆ ಹೆಚ್ಚಿನ ಮಾಲು. ಕೊಡುವಾಗ ಅವಳು ಕೊಡುವವಳಾಗಿರುತ್ತಾಳೆ. ಬೆಲೆ ಕೊಯ್ಯಿಸಿಕೊಂಡಾಗ ಹಾಗಿರುವುದಿಲ್ಲ. ಈ ವ್ಯತ್ಯಾಸ ಬುಟ್ಟಿಯ ಹಿಂದೆ ಕೂತವರಿಗೆ ಗೊತ್ತಾಗುತ್ತದೆ.

ಇನ್ನೊಂದು, ಸಾಧ್ಯವಾದಷ್ಟು ಒಬ್ಬರ ಹತ್ತಿರವೇ ವಾಡಿಕೆ ಇಟ್ಟುಕೊಳ್ಳಿ. ಎರಡು ಮೂರು ವಾರ ಆದ ಮೇಲೆ ನೋಡಿ, ನಿಮಗಾಗಿ ಎಳೆ ಬದನೆಕಾಯಿ ಚೀಲದಡಿ ಎತ್ತಿಟ್ಟಿರುತ್ತಾಳೆ. 'ಇವತ್ತು ಟೊಮ್ಯಾಟೊ ತಗಬ್ಯಾಡ್ರಿ, ನೀರು ಕುಡಿದಾವ' ಅಂತ ತನ್ನ ಮಾಲನ್ನು ತಾನೇ ಬೇಡ ಅನ್ನುತ್ತಾಳೆ! ಕಿರಕಸಾಲಿ ಸೊಪ್ಪು ಹೇಗೆ ಮಾಡಬೇಕು, ಹುಣಸೆ ಚಿಗುರಿಗೆ ಯಾವ ಬೇಳೆ ಹಾಕಬೇಕು, ಎಲ್ಲಾ ಪುಕ್ಕಟೆ ಪಾಠ. ಯಾವ ಸೂಪರ್ ಮಾರ್ಕೆಟ್ಟಿನ ಹುಡುಗ ಇದನ್ನೆಲ್ಲ ಹೇಳುತ್ತಾನೆ?

ಸಂಜೆ ಹೋಗುವ ಅಭ್ಯಾಸದವರು ಹೋಗಿ, ತಪ್ಪೇನಿಲ್ಲ. ಉಳಿದದ್ದು ಕಡಿಮೆಗೆ ಸಿಗುವುದೂ ನಿಜ. ಆದರೆ ಇಳಿಸುವ ಬೆಲೆಯನ್ನು ಅವಳ ಬಾಯಿಂದಲೇ ಬರಲು ಬಿಡಿ. 'ಎಲ್ಲಾ ತಗೊಂಡು ಹೋಗ್ತೀನಿ, ಎಷ್ಟು ಕೊಡಲಿ?' ಅಂತ ಕೇಳಿ ನೋಡಿ. ನೀವು ಕೇಳಬೇಕೆಂದಿದ್ದಕ್ಕಿಂತ ಕಡಿಮೆ ಹೇಳಿದ್ದನ್ನೂ ನಾನು ಕಂಡಿದ್ದೇನೆ.

ಇಲ್ಲಿ ಮಾತ್ರ ಬಿಗಿಯಾಗಿರಿ

ವರ್ಷದ ಸಾಮಾನು ಮೂಟೆಗಟ್ಟಲೆ ಕೊಳ್ಳುವಾಗ, ಒಣಮೆಣಸಿನಕಾಯಿ, ಹುಣಸೆ, ಶೇಂಗಾ, ಉಳ್ಳಾಗಡ್ಡಿ ಇವಕ್ಕೆಲ್ಲ, ಮೂರು ಕಡೆ ವಿಚಾರಿಸದೆ ಚೀಲ ಬಿಚ್ಚಬೇಡಿ. ಪಾತ್ರೆ, ಬಟ್ಟೆ, ಪ್ಲಾಸ್ಟಿಕ್ಕಿನವರ ಹತ್ತಿರ ಅರ್ಧದಿಂದಲೇ ಶುರು ಮಾಡಿ, ಅವರು ಅದಕ್ಕೆ ತಯಾರಾಗಿಯೇ ಬಂದಿರುತ್ತಾರೆ.

ತೂಕ ನೋಡಿ. ಬಟ್ಟಿನ ಬದಲು ಕಲ್ಲು ಇಟ್ಟು ತೂಗುವುದನ್ನು ಒಪ್ಪಬೇಡಿ. 2009ರ ಕಾನೂನು ಮಾಪನ ಕಾಯ್ದೆಯ ಪ್ರಕಾರ ಕಬ್ಬಿಣದ ಬಟ್ಟು, ಕೈತಕ್ಕಡಿ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿ ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ಮುದ್ರೆ ಬಿದ್ದಿರಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಮಾಲು ಹಾಕುವ ಮುಂಚೆ ಸೊನ್ನೆ ತೋರಿಸುತ್ತಿದೆಯೇ ಅಂತ ಒಂದು ಕಣ್ಣು ಹಾಯಿಸಿ. ಸೊಪ್ಪಿನಜ್ಜಿಯ ಹತ್ತಿರ ಮುದ್ರೆ ಕೇಳಲು ಹೋಗಬೇಡಿ ಮತ್ತೆ! ಅವಳದು ಸಿವುಡು, ಕುಪ್ಪೆಯ ಲೆಕ್ಕ.

ಶೇಂಗಾ ಕೊಳ್ಳುವಾಗ ಒಂದು ಹಿಡಿ ಸುಲಿದು ನೋಡಿ. ಸುಕ್ಕುಗಟ್ಟಿದ್ದು, ಬಣ್ಣಗೆಟ್ಟದ್ದು, ಬೂಸ್ಟು ವಾಸನೆಯದ್ದು ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಯಕೃತ್ತಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಚಟ್ನಿಪುಡಿಗೆ ತಾನೇ ಅಂತ ಹಾಗೇ ಹುರಿದು ಕುಟ್ಟುವವರು ಇದನ್ನು ದಯವಿಟ್ಟು ಗಮನಿಸಿ. ಉಳ್ಳಾಗಡ್ಡಿಯ ಕತ್ತು ಸಣ್ಣಗೆ ಒಣಗಿರಬೇಕು. ಕತ್ತು ದಪ್ಪ, ಒಳಗೆ ಹಸಿ ಇದ್ದರೆ ಹದಿನೈದು ದಿನದಲ್ಲಿ ಮನೆಯೆಲ್ಲಾ ನಾತ. ಗಾಳಿಯಾಡುವ ಬುಟ್ಟಿಯಲ್ಲಿಡಿ, ಆಲೂಗಡ್ಡೆ ಜೊತೆ ಬೆರೆಸಬೇಡಿ. ಸುಲಿದ ಹಸಿ ಬಟಾಣಿ ವಿಪರೀತ ಹಸಿರಾಗಿದ್ದರೆ ಒಂದು ಲೋಟ ನೀರಲ್ಲಿ ಅರ್ಧ ತಾಸು ನೆನೆಹಾಕಿ. ನೀರು ಹಸಿರಾದರೆ ಬಣ್ಣ ಹಾಕಿದ್ದಾರೆ ಅಂತಲೇ ಅರ್ಥ.

ಸಂತೆ ನೆರೆಯುವ ಮುಂಚೆ ಗಂಟುಕಳ್ಳರು ನೆರೆದರು ಅನ್ನುವ ಗಾದೆ ಗೊತ್ತಲ್ಲ. ಆಗ ಗಂಟು, ಈಗ ಮೊಬೈಲು. ಬಗ್ಗಿ ಬದನೆಕಾಯಿ ಆರಿಸುವಾಗ ಚೀಲದ ಬಾಯಿ ಎದೆಗೆ ಒತ್ತಿಕೊಂಡಿರಿ.

ಸಂತೆ ಇಲ್ಲದ ದಿನಗಳು

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದಾಗ ಸಂತೆಗಳು ನಿಂತವು. ಹಡಗಲಿಯಲ್ಲಿ ಅದು ಮಲ್ಲಿಗೆಯ ಕಾಲ. ಮದುವೆ ಇಲ್ಲ, ಜಾತ್ರೆ ಇಲ್ಲ, ಗುಡಿ ಬಾಗಿಲು ಹಾಕಿದೆ. ಬಿಡಿಸಿದರೆ ಕೂಲಿಯೂ ಹುಟ್ಟುವುದಿಲ್ಲ ಅಂತ ಮೊಗ್ಗು ಗಿಡದಲ್ಲೇ ಅರಳಿ ಉದುರಿತು. ನಮಗೆ ಆಗ ಗಾಡಿಯಲ್ಲಿ ಮನೆ ಬಾಗಿಲಿಗೆ ಕಾಯಿಪಲ್ಲೆ ಬರುತ್ತಿತ್ತು, ಏನೂ ಕೊರತೆ ಅನಿಸಲಿಲ್ಲ. ಕೊರತೆಯಾದದ್ದು ಆ ಕಡೆಯವರಿಗೆ. ಆಮೇಲೆ ಸಂತೆ ತೆರೆದಾಗ ಕೆಲವು ಜಾಗ ಖಾಲಿ ಇದ್ದವು. ನನ್ನ ವಾಡಿಕೆಯ ಒಬ್ಬಾಕೆ ಮಗನ ಜೊತೆ ಬೆಂಗಳೂರಿಗೆ ಗುಳೆ ಹೋದಳಂತೆ. ಬಾವಿಯ ಮಡಿ ಬೀಳು ಬಿದ್ದಿದೆ ಅಂತ ಪಕ್ಕದವಳು ಹೇಳಿದಳು.

ಒಳ್ಳೆಯದೂ ಆಗಿದೆ. 2023ರ ಜೂನ್ 11ರಿಂದ 'ಶಕ್ತಿ' ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಇದರಿಂದ ಸೊಪ್ಪಿನವರು ತಮ್ಮ ಊರ ಸಂತೆ ಬಿಟ್ಟು ಪಕ್ಕದ ತಾಲ್ಲೂಕಿನ ಸಂತೆಗೂ ಬರುತ್ತಿದ್ದಾರೆ. ಹೊರಲಾರದಷ್ಟು ದೊಡ್ಡ ಗಂಟಿದ್ದರೆ ಲಗೇಜ್ ದುಡ್ಡು ಕೊಡಬೇಕು, ಅದು ಬೇರೆ ಮಾತು. ಚೀಲದ ಪಕ್ಕ ಕ್ಯೂಆರ್ ಕೋಡಿನ ಚೀಟಿ ನಿಲ್ಲಿಸಿಕೊಂಡ ಅಜ್ಜಿಯರೂ ಇದ್ದಾರೆ. ಆದರೂ ಚಿಲ್ಲರೆ ಒಯ್ಯಿರಿ. ಆ ಕೋಡು ಬಹಳ ಸಲ ಮೊಮ್ಮಗನ ಖಾತೆಯದು. ದುಡ್ಡು ಬಂತೋ ಇಲ್ಲವೋ ಅವಳಿಗೆ ಸಂಜೆಯವರೆಗೆ ಗೊತ್ತಾಗುವುದಿಲ್ಲ.

ನಿಮ್ಮ ವಾಡಿಕೆಯವಳಿಗೆ ಎರಡು ವಿಷಯ ಹೇಳಿ, ಬಹಳಷ್ಟು ಜನರಿಗೆ ಇವು ಗೊತ್ತಿಲ್ಲ. ಒಂದು, 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ. ಬೀದಿ ವ್ಯಾಪಾರಿಗಳಿಗೆ ಅಡಮಾನವಿಲ್ಲದೆ ಸಿಗುತ್ತದೆ. ಮೊದಲ ಕಂತು 10 ಸಾವಿರ ಇದ್ದದ್ದನ್ನು 2025ರಲ್ಲಿ 15 ಸಾವಿರಕ್ಕೆ ಏರಿಸಿದ್ದಾರೆ. ಸುತ್ತಲಿನ ಹಳ್ಳಿಯಿಂದ ಪಟ್ಟಣಕ್ಕೆ ಬಂದು ಮಾರುವವರಿಗೂ ಇದರಲ್ಲಿ ಅವಕಾಶವಿದೆ. ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಬೇಕು. ಎರಡು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಊರಿನ ಮಾರಾಟ ಸಮಿತಿಯಲ್ಲಿ ಶೇಕಡ 40 ಮಂದಿ ವ್ಯಾಪಾರಿಗಳೇ ಇರಬೇಕು, ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಕೊಂಡು ಬಂದ ಮಾರುಕಟ್ಟೆಯ ವ್ಯಾಪಾರಿಗಳನ್ನು ಅಲ್ಲಿಂದ ಎಬ್ಬಿಸುವ ಹಾಗಿಲ್ಲ ಅಂತಲೂ ಅದರಲ್ಲಿದೆ. ನಿಮ್ಮ ಬೀದಿಯ ಸದಸ್ಯರು ಮನೆಗೆ ಬಂದಾಗ ನಲ್ಲಿ ನೀರಿನ ಜೊತೆ ಸಂತೆ ಮೈದಾನದಲ್ಲಿ ಹೆಂಗಸರಿಗೊಂದು ಶೌಚಾಲಯ, ಕುಡಿಯುವ ನೀರು, ನೆರಳು ಇದೆಯೇ ಅಂತಲೂ ಕೇಳಿ. ನಸುಕಿನಿಂದ ಸಂಜೆವರೆಗೆ ಒಂದೇ ಕಡೆ ಕೂತವಳು ನೀರೇ ಕುಡಿಯದೆ ಯಾಕೆ ಕೂತಿರುತ್ತಾಳೆ ಅನ್ನುವುದು ಹೆಂಗಸರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮನೆಗೆ ತಂದ ಸೊಪ್ಪನ್ನು ಮೊದಲು ಬಿಡಿಸಿ, ಆಮೇಲೆ ಎರಡು ಮೂರು ನೀರಿನಲ್ಲಿ ತೊಳೆಯಿರಿ. ತೊಳೆದು ಫ್ರಿಜ್ಜಿಗೆ ಇಡಬೇಡಿ, ಕೊಳೆಯುತ್ತದೆ. ಬೇರು ಕತ್ತರಿಸಿ ಹಳೆಯ ನ್ಯೂಸ್ ಪೇಪರಿನ ಬದಲು ಒಣ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಮೂರು ನಾಲ್ಕು ದಿನ ಇರುತ್ತದೆ. ಕೊಸರಿಗೆ ಬಂದ ಕರಿಬೇವನ್ನು ನೆರಳಿನಲ್ಲಿ ಒಣಗಿಸಿ ಚಟ್ನಿಪುಡಿಗೆ ಬಳಸಿ.

ಹಾಂ, ಪಕ್ಕದ ಮನೆಯಾಕೆಯ ಪ್ರಶ್ನೆ ಇನ್ನೂ ಬಾಕಿ ಇದೆ. ಈಗಲೂ ಪ್ರತಿ ವಾರ ಬಾಗಿಲಲ್ಲಿ ನಿಂತು ಕೇಳುತ್ತಾಳೆ, 'ಎಷ್ಟಕ್ಕೆ ತಂದ್ರಿ?' ಅಂತ. ನಾನು ಕೊಟ್ಟದ್ದಕ್ಕಿಂತ ಐದು ರೂಪಾಯಿ ಕಮ್ಮಿ ಹೇಳಿ ಒಳಗೆ ಬಂದುಬಿಡುತ್ತೇನೆ.